ಮಾತಾಡುವವರನ್ನು ಅಕ್ಕಪಕ್ಕ ಕೂರಿಸುವ ಅಕ್ಕ

ಬೆಳಗಿನ ಐದು ಗಂಟೆ. ಶಾಲು ಬಿಗಿಯಾಗಿ ಹೊದ್ದು ಅಕ್ಕ ಕಂಪ್ಯೂಟರ್ ಕೋಣೆಗೆ ಕಾಲಿಡುತ್ತಾರೆ. ಯಂತ್ರಗಳು ಬಿಸಿಯಾಗದಿರಲೆಂದು ಹಾಕಿದ ಎಸಿ, ಮನುಷ್ಯರ ಹಲ್ಲು ಕಟಕಟಿಸುವಷ್ಟು ತಣ್ಣಗಿದೆ. ಹನ್ನೆರಡು ಯಂತ್ರಗಳಲ್ಲಿ ಏಳನೆಯದು ಕೈಕೊಟ್ಟಿದೆ. "ಇವನಿಗೆ ರಜೆ ಇವತ್ತೇ ಬೇಕಿತ್ತಾ!" ಎಂದು ಗೊಣಗುತ್ತಾ ಕುರ್ಚಿ ಎಳೆದುಕೊಳ್ಳುತ್ತಾರೆ. ಪೂರ್ವದ ಬೆಟ್ಟಗಳಲ್ಲಿ ಜೋರು ಮಳೆ. ನದಿ ಎಷ್ಟು ಏರುತ್ತದೆ ಎಂಬ ಸುದ್ದಿ ಆರೂವರೆಯೊಳಗೆ ದಂಡೆಯ ಮನೆಗಳಿಗೆ ತಲುಪಬೇಕು.

ಲೆಕ್ಕಕ್ಕಾಗಿ ನದಿಯ ನಕ್ಷೆಯನ್ನು ತೊಂಬತ್ತಾರು ತುಂಡು ಮಾಡಿದ್ದಾರೆ. ತುಂಡಿಗೊಂದು ಲೆಕ್ಕ, ಒಂದೊಂದು ಯಂತ್ರದಲ್ಲಿ ಎಂಟೆಂಟು, ಎಲ್ಲವೂ ಏಕಕಾಲಕ್ಕೆ ಓಡುತ್ತವೆ. ನನ್ನ ಕಡೆಗೆ ಎಷ್ಟು ನೀರು ಬರುತ್ತಿದೆ ಎಂದು ಪ್ರತಿ ತುಂಡೂ ಪಕ್ಕದ ತುಂಡನ್ನು ಕೇಳುತ್ತಲೇ ಇರಬೇಕು. ಇಬ್ಬರೂ ಒಂದೇ ಯಂತ್ರದಲ್ಲಿದ್ದರೆ ಉತ್ತರ ಥಟ್ಟನೆ ಸಿಗುತ್ತದೆ. ಇಲ್ಲದಿದ್ದರೆ ತಂತಿ ದಾಟಿ ಬರುವವರೆಗೆ ಕಾಯಬೇಕು. ಯಾರು ಎಲ್ಲಿ ಕೂರಬೇಕೆಂಬ ಪಟ್ಟಿ ಬರೆಯುವುದೇ ಅಕ್ಕನ ಉದ್ಯೋಗ. "ಮನೇಲಿ ನನ್ನ ಪಕ್ಕ ಕೂರೋಕೆ ಮಾತ್ರ ಇವಳಿಗೆ ಪುರುಸೊತ್ತಿಲ್ಲ" ಎಂದು ಯಜಮಾನರು ಛೇಡಿಸುತ್ತಾರೆ.

ಹನ್ನೊಂದು ವರ್ಷದ ಹಿಂದೆ ಅಕ್ಕ ಶಾಲೆಯೊಂದರಲ್ಲಿ ಗುಮಾಸ್ತೆ. ಪರೀಕ್ಷಾ ಕೊಠಡಿಯಲ್ಲಿ ಮಕ್ಕಳ ನಂಬರ್ ಹಂಚುವುದರಲ್ಲಿ ಎತ್ತಿದ ಕೈ. ಇಲ್ಲಿಗೆ ಬಂದ ಹೊಸದರಲ್ಲಿ ಅದೇ ಚಾಳಿ ಮುಂದುವರಿಯಿತು.

"ಗೆಳೆಯರನ್ನ ದೂರ ದೂರ ಕೂರಿಸಿ ಅಭ್ಯಾಸ ನೋಡಿ. ಇಲ್ಲೂ ಪಕ್ಕಪಕ್ಕದ ತುಂಡುಗಳನ್ನ ಒಂದೊಂದು ಯಂತ್ರಕ್ಕೆ ಒಂದೊಂದರಂತೆ ಹಂಚಿಬಿಟ್ಟೆ. ಎಷ್ಟು ಅಚ್ಚುಕಟ್ಟು ಅಂತ ಒಳಗೊಳಗೇ ಬೀಗಿದ್ದೆ ಬೇರೆ!"

ನದಿ ಉಕ್ಕಿದ ದಿನ ಲೆಕ್ಕ ಮುಗಿಯುವುದು ಎರಡು ಗಂಟೆ ತಡವಾಯಿತು. ಜನ ಹೇಗೋ ಪಾರಾದರು. ಆದರೆ ಕೆಳಬೀದಿಯ ನೇಕಾರಮ್ಮನ ಮಗ್ಗ, ಅದರ ಮೇಲಿದ್ದ ಅರ್ಧ ನೇಯ್ದ ಬಟ್ಟೆ ಸಮೇತ ಕೆಸರಿನ ಪಾಲಾಯಿತು. ಅಕ್ಕ ಮರುದಿನವೇ ಕ್ಷಮೆ ಕೇಳಲು ಹೋದರು.

"ಬೈತಾರೆ ಅಂತ ಮೈ ಗಟ್ಟಿ ಮಾಡ್ಕೊಂಡು ಹೋಗಿದ್ದೆ. ಅವರು ಕೆಸರು ತೊಳೀತಾ ಇದ್ದರು. 'ಮಗ್ಗದಿಂದ ಹಾಸುನೂಲು ಬಿಚ್ಚಿ ಸುತ್ತಿಡೋಕೆ ನನಗೆ ಎರಡು ಗಂಟೆ ಬೇಕು ಮಗಳೇ, ಅಷ್ಟು ಮುಂಚೆ ಹೇಳಿದ್ರೆ ಸಾಕು' ಅಂದ್ರು. ಅಷ್ಟೇ. ಆ ಮಾತಿನ ಋಣ ಹೇಗೆ ತೀರಿಸಲಿ, ಹೇಳಿ!"

ಏಳನೆಯ ಯಂತ್ರ ಮಲಗಿರುವುದರಿಂದ ಇವತ್ತು ಎಂಟು ಲೆಕ್ಕಗಳಿಗೆ ಜಾಗವಿಲ್ಲ. ಅಕ್ಕ ನಕ್ಷೆಯ ಮೇಲೆ ಬೆರಳಾಡಿಸುತ್ತಾರೆ. ಪಶ್ಚಿಮದಲ್ಲಿ ಹನಿ ಮಳೆಯಿಲ್ಲ, ಅಲ್ಲಿನ ತುಂಡುಗಳಿಗೆ ಕೆಲಸವೂ ಕಡಿಮೆ. "ಇವರು ಇಬ್ಬಿಬ್ಬರು ಒತ್ತಿಕೊಂಡು ಕೂರಲಿ" ಎಂದು ಒಂದೇ ಜಾಗಕ್ಕೆ ಜೋಡಿ ಮಾಡುತ್ತಾರೆ. ಮಳೆ ಸುರಿಯುವ ಕಡೆಯ ತುಂಡುಗಳನ್ನು ಮುಟ್ಟುವುದೇ ಇಲ್ಲ. ಪಟ್ಟಿಯನ್ನು ಎರಡು ಸಲ ಓದಿ ಗುಂಡಿ ಒತ್ತುತ್ತಾರೆ. ಆಮೇಲೆ ಮಾಡಲು ಏನೂ ಉಳಿದಿಲ್ಲ. ಆದರೂ ಕುರ್ಚಿ ಬಿಟ್ಟು ಏಳುವುದಿಲ್ಲ.

ಆರು ಹತ್ತಕ್ಕೆ ಲೆಕ್ಕ ಮುಗಿಯುತ್ತದೆ: ಒಂಬತ್ತರ ಹೊತ್ತಿಗೆ ಕೆಳಬೀದಿಗೆ ಮೊಣಕಾಲುದ್ದ ನೀರು. ಸುದ್ದಿ ಮನೆಮನೆಗೂ ಹೊರಡುತ್ತದೆ.

ಈ ಕೆಲಸಕ್ಕೆ ನಿಮಗಿನ್ನೇನು ಬೇಕು ಎಂದು ಕೇಳಿದರೆ ಅಕ್ಕ ಏಳನೆಯ ಯಂತ್ರದತ್ತ ನೋಡುತ್ತಾರೆ. "ಒಂದು ಯಂತ್ರ ಹೆಚ್ಚಿಗೆ ಇದ್ದಿದ್ರೆ ಚೆನ್ನಾಗಿತ್ತು. ಇವರಲ್ಲಿ ಯಾರಾದ್ರೂ ಮಲಗಿದ್ರೆ ಎದೆ ಹೊಡ್ಕೊಳ್ಳೋದು ತಪ್ತಿತ್ತು."

ಎಂಟೂಕಾಲಿಗೆ ಫೋನು. ಆ ಕಡೆ ನೇಕಾರಮ್ಮ, ಏದುಸಿರು.

"ಹಾಸು ಸುತ್ತಿ ಅಟ್ಟಕ್ಕೆ ಹಾಕಿದ್ದೀನಿ ಮಗಳೇ. ನೀರು ಇನ್ನೂ ಬಂದೇ ಇಲ್ಲ. ಸುಮ್ಮನೆ ಕೂತು ಕಾಯ್ತಾ ಇದ್ದೀನಿ, ನೋಡು."