ಗಾಳಿಯೇ ಕಂಬವಾದ ಚರ್ಚಿನಲ್ಲಿ

ಮೊನ್ನೆ ಮರ್ಯಾದೆ ತೋರಿಸಲು ಹೋಗಿ ಒಬ್ಬ ಮನುಷ್ಯನನ್ನು ಕೊಲ್ಲುವವನಿದ್ದೆ. ಉತ್ಪ್ರೇಕ್ಷೆ ಅಲ್ಲ.

ನನ್ನ ಹೆಂಡತಿಯ ಜೊತೆ ಶಿರಾಳಕೊಪ್ಪದ ಶಾಲೆಯಲ್ಲಿ ಪಾಠ ಮಾಡುವ ರೋಜಿ ಟೀಚರ್ ಇದ್ದಾರೆ. (ಅವರ ಮೀನು ಸಾರನ್ನು ಹಿಂದೊಮ್ಮೆ ಇದೇ ಅಂಕಣದಲ್ಲಿ ಹೊಗಳಿ, ಮನೆಯಲ್ಲಿ ಚೆನ್ನಾಗಿ ಬೈಸಿಕೊಂಡಿದ್ದೆ.) ಉಳವಿ ಕಡೆ ಅವರ ಊರು. ಅಲ್ಲಿನ ಹಳೇ ಚರ್ಚಿನ ಚಾವಣಿಯ ಶೀಟು ಗಾಳಿಗೆ ಕಿತ್ತು ಬಂದು, ಪ್ರಾರ್ಥನೆಗೆ ಕೂತಿದ್ದವರ ಪಕ್ಕಕ್ಕೇ ಬಿದ್ದಿತ್ತು. ಆಮೇಲೆ ಗಾಳಿ ಬೀಸಿದರೆ ಸಾಕು, ಜನ ಪ್ರಾರ್ಥನೆ ಬಿಟ್ಟು ಚಾವಣಿ ನೋಡುತ್ತಿದ್ದರಂತೆ. ಭಯಪಟ್ಟುಕೊಂಡು ದೇವರನ್ನು ನೆನೆಯುವುದು ಎಷ್ಟು ದಿನ?

ಅದಕ್ಕೇ ಈಗ ಕಾಂಕ್ರೀಟ್ ಗುಮ್ಮಟದ ಚರ್ಚ್ ಕಟ್ಟುತ್ತಿದ್ದಾರೆ. ಹಾರಲು ಶೀಟಿಲ್ಲ, ಮುರಿಯಲು ತೊಲೆಯಿಲ್ಲ. ಮರ ಬಿದ್ದರೂ ತಡೆಯುತ್ತದೆ. ಬೇಸಿಗೆಯಲ್ಲೂ ಒಳಗೆ ತಂಪು, ಫ್ಯಾನ್ ಅಷ್ಟಾಗಿ ಬೇಕಾಗಿಲ್ಲ.

ಕಟ್ಟುವ ರೀತಿ ಕೇಳಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಮೊದಲು ಕರೆಂಟಿನ ಬ್ಲೋವರಿನಿಂದ ಒಂದು ಭಾರೀ ಬಲೂನು ಊದುತ್ತಾರೆ, ಆ ಬ್ಲೋವರ್ ನಿಲ್ಲಿಸುವ ಹಾಗಿಲ್ಲ. ಅದರ ಹೊಟ್ಟೆಯೊಳಗೆ ನಿಂತು ಫೋಮ್ ಹೊಡೆದು, ಕಬ್ಬಿಣ ಕಟ್ಟಿ, ಪೈಪಿನಲ್ಲಿ ಕಾಂಕ್ರೀಟ್ ಸಿಂಪಡಿಸುತ್ತಾರೆ. ಅಂದರೆ ತಲೆಯ ಮೇಲೆ ಹಸಿ ಕಾಂಕ್ರೀಟ್. ಅದನ್ನು ಎತ್ತಿ ಹಿಡಿದಿರುವುದು ಗಾಳಿ!

"ಗಟ್ಟಿ ಆಗೋ ತನಕ ಗಾಳಿನೇ ನಮ್ಗೆ ಕಂಬ ಮಾರಾಯ್ರೆ" ಅಂದರು ಟೀಚರ್, ಮೊನ್ನೆ ನನ್ನನ್ನು ಅದನ್ನು ತೋರಿಸಲು ಕರೆದುಕೊಂಡು ಹೋದಾಗ. ಅವರ ಗಂಡ ಸೈಮನ್ ಆಗ ಒಳಗೆ ಅಟ್ಟಣಿಗೆಯ ಮೇಲೆ ಪೈಪ್ ಹಿಡಿದು ನಿಂತಿದ್ದರು.

"ಕರೆಂಟ್ ಹೋದ್ರೆ?" ಅಂದೆ.

"ಜನರೇಟರ್ ಉಂಟು. ಕರೆಂಟಿನ ಭಯ ಇಲ್ಲ, ಬಾಗಿಲಿಂದೇ ಭಯ."

ಒಳಗೆ ಹೋಗಲು ಒಂದರ ಹಿಂದೊಂದು ಎರಡು ಬಾಗಿಲು, ನಡುವೆ ಪುಟ್ಟ ಕೋಣೆ. ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೆಯಬೇಕು. ಎರಡೂ ತೆರೆದರೆ ಗಾಳಿ ಹೊರಗೆ, ಗುಮ್ಮಟ ಕೆಳಗೆ. ಟೀಚರ್ ಇದನ್ನು ಬಿಡಿಸಿ ಹೇಳಿದರು. ನಾನು ತಲೆಯಾಡಿಸಿದೆ. (ತಲೆಯಾಡಿಸುವುದರಲ್ಲಿ ನಾವು ಹುಷಾರು.)

ಕೋಣೆಗೆ ಬಂದು ಹೊರಬಾಗಿಲು ಹಾಕಿದೆವು. ಟೀಚರ್ ಒಳಬಾಗಿಲು ತೆಗೆದು ಒಳಗೆ ಹೋದರು. ನಾನು ಹಿಂದೆ ಹೊರಟೆ, ಅಷ್ಟರಲ್ಲಿ ನನ್ನ ಬೆನ್ನಿಗೆ ಹೊರಬಾಗಿಲು ತೆರೆಯಿತು. ಪಕ್ಕದ ಊರಿನಿಂದ ಈ ವಿಚಿತ್ರ ನೋಡಲು ಬಂದಿದ್ದ ಒಬ್ಬ ಅಜ್ಜ. ಕೈಯಲ್ಲಿ ಕೋಲು.

ಹಿರಿಯರು ಹಿಂದೆ ಬಂದರೆ ನಾವು ಏನು ಮಾಡುತ್ತೇವೆ? ಬಾಗಿಲು ಹಿಡಿಯುತ್ತೇವೆ. ತೆರೆದಿದ್ದ ಒಳಬಾಗಿಲನ್ನು ಹಿಡಿದೆ.

"ಬರ್ರಿ ಅಜ್ಜಾರೆ, ನೀವು ಮೊದ್ಲು."

"ಛೇ ಛೇ, ನೀವು ನಡೀರಿ ಸರ" ಅಂದರು ಅಜ್ಜ, ತಾವೂ ಹೊರಬಾಗಿಲು ಬಿಡಲಿಲ್ಲ. ಹಿಂದೆ ಅವರ ಹೆಂಡತಿ ಬರುತ್ತಿದ್ದರು.

"ದೊಡ್ಡೋರು ನೀವು."

"ಓದಿದೋರು ನೀವು."

ನಮ್ಮ ಈ ಉಪಚಾರ ನಡೆಯುತ್ತಿದ್ದಾಗಲೇ ಮುಖಕ್ಕೆ ಗಾಳಿ ರಪ್ಪೆಂದು ಹೊಡೆಯಿತು. ಕಿವಿ ಗುಂಯ್ ಅಂದಿತು. ಬಾಗಿಲಿನಿಂದಲೇ ಒಳಗೆ ಮೇಲಕ್ಕೆ ನೋಡಿದೆ. ಗುಮ್ಮಟದ ಒಂದು ಪಕ್ಕ ಮೆಲ್ಲಗೆ ಜೋಲುತ್ತಿತ್ತು. ಸೈಮನ್ ನಿಂತ ಪಕ್ಕವೇ. ಹಸಿ ಕಾಂಕ್ರೀಟ್ ಹೆಂಟೆಗಳು ಅಟ್ಟಣಿಗೆಯ ಮೇಲೆ ಬೀಳತೊಡಗಿದವು.

"ಸೈಮನ್!" ಅಂತ ಟೀಚರ್ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ನಾನು ಬಾಗಿಲು ದೂಡಿದೆ. ಗಾಳಿ ನನ್ನನ್ನೇ ದೂಡಿತು. ಟೀಚರ್ ಓಡಿ ಬಂದು ಒಳಗಿನಿಂದ ಹಿಡಿಕೆಗೆ ಜೋತುಬಿದ್ದರು. ನಾನು ಹೆಗಲು ಕೊಟ್ಟೆ. ಬಾಗಿಲು ನನ್ನ ಮುಖಕ್ಕೇ ಧಡಾರನೆ ಬಿತ್ತು.

ಆಮೇಲಿನ ಹೊತ್ತು ಇದೆಯಲ್ಲ, ಅದು ಯಾರಿಗೂ ಬೇಡ. ಒಳಗೆ ಬ್ಲೋವರ್ ಗರಗರ ಅನ್ನುತ್ತಿದೆ. ಮನುಷ್ಯರ ಸದ್ದಿಲ್ಲ. ಬಾಗಿಲು ತೆಗೆಯುವ ಹಾಗಿಲ್ಲ. ಸೈಮನ್ ಇದ್ದಾರೋ ಇಲ್ಲವೋ ಗೊತ್ತಿಲ್ಲ.

"ಬಂದವ್ರ ಮುಖಕ್ಕೆ ಹಿಂಗ ಬಾಗ್ಲಾ ಹಾಕ್ತಾರೇನ್ರಿ ಆ ಯಮ್ಮ?" ಅಂದರು ಅಜ್ಜ. ಪಾಪ, ಅವರಿಗೆ ಬೇಸರವಾಗಿತ್ತು. ನಾನು ಮುಚ್ಚಿದ ಬಾಗಿಲಿಗೆ ಕಿವಿ ಹಚ್ಚಿದ್ದೆ.

ಕೊನೆಗೆ ಒಳಗಿನಿಂದ ಟೀಚರ್ ದನಿ ಬಂತು. "ಹೊರಗಿನ ಬಾಗಿಲು ಹಾಕಿದ್ದೀರಾ?"

ಅಜ್ಜ, ಅಜ್ಜಿ, ನಾನು ಮೂವರೂ ಸೇರಿ ಹಾಕಿದೆವು.

ಒಳಬಾಗಿಲು ತೆರೆಯಿತು. ಸೈಮನ್ ನೆಲದ ಮೇಲೆ ಕೂತಿದ್ದರು. ತಲೆ, ಹೆಗಲು ಎಲ್ಲ ಬೂದು. ಜಿಗಿದಿದ್ದರಿಂದ ಬದುಕಿದ್ದರು. ನಿಂತಿದ್ದ ಹಲಗೆಯ ಮೇಲೆ ಒಬ್ಬ ಮನುಷ್ಯನನ್ನು ಮುಚ್ಚುವಷ್ಟು ಕಾಂಕ್ರೀಟ್ ಬಿದ್ದಿತ್ತು. ಟೀಚರ್ ಸೆರಗಿನಿಂದ ಗಂಡನ ಕಣ್ಣು ಒರೆಸುತ್ತಿದ್ದರು, ನಮ್ಮ ಕಡೆ ನೋಡಲಿಲ್ಲ. ಅಜ್ಜ ಆ ಹಲಗೆ ನೋಡಿ ಕೋಲು ಊರಿಕೊಂಡು ಅಲ್ಲೇ ಕುಸಿದರು.

"ಏನೂ ಆಗ್ಲಿಲ್ಲ ಬಿಡಿ" ಅಂದರು ಸೈಮನ್. ಹಲ್ಲು ಕಟಕಟ ಅನ್ನುತ್ತಿತ್ತು.

ಗುಮ್ಮಟ ಮತ್ತೆ ನೆಟ್ಟಗಾಗಿದೆ, ಕೆಲಸ ಸಾಗಿದೆ. ನಾನು ಮಾತ್ರ ಸರಿಹೋಗಿಲ್ಲ. ಈಗ ಯಾರಾದರೂ ಮುಖಕ್ಕೆ ಬಾಗಿಲು ಹಾಕಿದರೆ ಸಿಟ್ಟಿಗಿಂತ ಮೊದಲು ಭಯವಾಗುತ್ತದೆ.

ಒಳಗೆ ಯಾರ ತಲೆಯ ಮೇಲೆ ಏನು ತೂಗುತ್ತಿದೆಯೋ?