ವಾಪಸ್ಸಾದ ಕೋಡುಬಳೆ

ಜಪಾನಿನ ಗ್ಯೋಟೋಕುವಿನ ಕನ್ನಡಿಗರಿಗೆ ಕಳೆದ ವರ್ಷ ಭಾರಿ ಹಿನ್ನಡೆಯಾಯಿತು. ಒಂದು ಡಬ್ಬ ಕೋಡುಬಳೆ, ಮುಚ್ಚಳವನ್ನೂ ತೆಗೆಸಿಕೊಳ್ಳದೆ ಮನೆಗೆ ವಾಪಸ್ಸಾಯಿತು.

ಇಲ್ಲಿನ ಪೌರತ್ವ ಪಡೆದಿದ್ದ ನಮ್ಮ ಮೂರ್ತಿಯವರು ಆಗಷ್ಟೇ ನಗರಸಭೆಗೆ ಆರಿಸಿ ಬಂದಿದ್ದರು. ಅವರ ಕಚೇರಿಗೆ ಒಬ್ಬ ಸಹಾಯಕಿ ಬೇಕಾಗಿತ್ತು. ಮೈಸೂರಿನಲ್ಲಿ ಟೀಚರ್ ಆಗಿದ್ದ ನನ್ನ ಹೆಂಡತಿ ಸುಧಾ ಇಲ್ಲಿಗೆ ಬಂದಾಗಿನಿಂದ ಕೆಲಸ ಹುಡುಕಿ ಸೋತಿದ್ದಳು. "ಈಗ ನಮ್ಮವರೇ ಗೆದ್ದಿದ್ದಾರಲ್ಲ, ನಡೀರಿ" ಎಂದು ಕೋಡುಬಳೆ ಕರಿದು ನನ್ನನ್ನೂ ಎಳೆದುಕೊಂಡು ಹೋದಳು.

ಮೂರ್ತಿಯವರು ಡಬ್ಬವನ್ನು ಆಸೆಯಿಂದ ನೋಡಿ, ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟರು.

"ಸುಮಿಮಾಸೆನ್, ಕ್ಷಮಿಸಿ ಸುಧಾ ಅವರೇ. ನೀವು ಬೇರೆ ದೇಶದವರಾಗಿದ್ದರೆ ನಾಳೆಯೇ ಬನ್ನಿ ಅಂತಿದ್ದೆ. ಈಗ ತಗೊಂಡ್ರೆ, ಇಂಡಿಯನ್ ಒಬ್ಬ ಗೆದ್ದ, ಇಂಡಿಯನ್ಸನ್ನೇ ತುಂಬಿಕೊಂಡ ಅಂತಾರೆ."

"ಊರಲ್ಲಾಗಿದ್ರೆ ತುಂಬಿಕೊಳ್ಳದಿದ್ರೆ ಬೈತಿದ್ರು, ಸರ್."

"ಅದಕ್ಕೇ ನಾನು ಅಲ್ಲಿ ಚುನಾವಣೆಗೆ ನಿಲ್ಲಲಿಲ್ಲಮ್ಮ."

ಸುಧಾ ಡಬ್ಬವನ್ನು ಹಾಗೆಯೇ ಮನೆಗೆ ಹೊತ್ತು ತಂದಳು.

ಆ ವಾರವೇ ಒಂದು ಫೋನ್ ಬಂತು. ಮೂರ್ತಿಯವರೆದುರು ಸೋತಿದ್ದ ಇಶಿದಾ-ಸಾನ್ ಮಾತಾಡಿದರು. ಭಾರತೀಯರನ್ನು ಇಷ್ಟು ದಿನ ಮರೆತದ್ದು ತಪ್ಪಾಯಿತೆಂದು ಅವರಿಗೆ ಅನ್ನಿಸಿ, ತಮ್ಮ ಕಚೇರಿಗೆ ತುರ್ತಾಗಿ ಭಾರತೀಯ ಸಹಾಯಕಿಯೊಬ್ಬಳನ್ನು ಹುಡುಕುತ್ತಿದ್ದರಂತೆ. ಸುಧಾಳ ಹೆಸರು ಹೇಳಿದವರು ಮೂರ್ತಿಯವರೇ.

ಸುಧಾ ಈಗ ಇಶಿದಾ-ಸಾನ್ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಕೋಡುಬಳೆ ಅಲ್ಲೇ ಖಾಲಿಯಾಯಿತು.