ಸೋಣ ತಿಂಗಳ ಸೊನ್ನೆ

ಐರೋಲಿಯ ನಮ್ಮ ಮನೆಯ ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕ, ಒಂದು ಮೋಟು ಪೆನ್ಸಿಲ್ ಇದೆ. ಎಪ್ಪತ್ತನಾಲ್ಕು ವರ್ಷ ಬಾಳಿದ ಮೇಲೆ ನನ್ನ ಅಮ್ಮ ಮೊದಲ ಬಾರಿಗೆ ಹಿಡಿದ ಪೆನ್ಸಿಲ್ ಅದು. ಉಡುಪಿಯ ಕಡೆ ಮಲ್ಲಿಗೆ ಕಟ್ಟಿ ನನ್ನನ್ನು ಬಿ.ಕಾಂ. ಓದಿಸಿದವಳು ಅವಳು, ಎಂಟುನೂರು ಹೂವಿಗೆ ಒಂದು ಚೆಂಡು ಎಂಬ ಎಣಿಕೆ ಅವಳ ಬೆರಳುಗಳಿಗೆ ಎಂದೂ ತಪ್ಪಿದ್ದಿಲ್ಲ. ನಮ್ಮ ಕುಟುಂಬದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಸುಳ್ಳೇಕೆ ಹೇಳಲಿ, ಆ ಹೆಮ್ಮೆಯನ್ನು ಇಂದಿಗೂ ಇಸ್ತ್ರಿ ಮಾಡಿದ ಅಂಗಿಯಂತೆ ತೊಟ್ಟುಕೊಂಡೇ ಓಡಾಡುತ್ತೇನೆ.

ಆ ವರ್ಷ ಅಮ್ಮ ಎರಡು ಸಲ ಗ್ಯಾಸ್ ಆರಿಸಲು ಮರೆತಳು. ಪಕ್ಕದ ಠಾಣೆ ಪಟ್ಟಣದ ಡಾಕ್ಟರೊಬ್ಬರು ನೆನಪಿನ ಪರೀಕ್ಷೆ ಮಾಡಿದರು. ಗಡಿಯಾರದ ಚಿತ್ರ ಬರೆಯಿರಿ ಎಂದಾಗ ಅವಳು ಪೆನ್ಸಿಲನ್ನು ಸೌಟಿನಂತೆ ಮುಷ್ಟಿಯಲ್ಲಿ ಹಿಡಿದು, ದೋಸೆಯಂಥ ಒಂದು ದುಂಡು ಎಳೆದು ಅಷ್ಟಕ್ಕೇ ನಿಲ್ಲಿಸಿದಳು.

"ಆಜಿ, ಅಭೀ ಕೌನ್‌ಸಾ ಮಹೀನಾ ಹೈ?" ಅಜ್ಜಿ, ಈಗ ಯಾವ ತಿಂಗಳು ಎಂದು ಡಾಕ್ಟರು ಕೇಳಿದರು.

ಅಮ್ಮ ನನ್ನತ್ತ ತಿರುಗಿ, ಸೋಣ ಅಲ್ಲವೇ ಎಂದು ತುಳುವಿನಲ್ಲಿ ಕೇಳಿದಳು: "ಸೋಣ ಅತ್ತಾ ಮಗಾ?"

ಅದು ಸೆಪ್ಟೆಂಬರಿನ ಮೊದಲ ವಾರ. ನಮ್ಮ ತುಳುವರ ತಿಂಗಳೆಣಿಕೆಯಲ್ಲಿ ಸೋಣವೇ. ಅವಳು ಹೇಳಿದ್ದು ಸರಿ. ಆದರೆ ಇಂಗ್ಲಿಷಿನಲ್ಲಿ ಅಚ್ಚಾದ ಆ ಕಾಗದದ ಮುಂದೆ ನನಗೆ ನಾಚಿಕೆಯಾಯಿತು, ಗೆಳೆಯರೇ. "ಮಾಲೂಮ್ ನಹೀ ಬೋಲ್ ರಹೀ ಹೈ", ಗೊತ್ತಿಲ್ಲ ಅನ್ನುತ್ತಿದ್ದಾಳೆ, ಎಂದುಬಿಟ್ಟೆ. ಡಾಕ್ಟರು ಸೊನ್ನೆ ಹಾಕಿದರು. ಇನ್ನು ಇವರನ್ನು ಒಲೆಯ ಹತ್ತಿರ ಬಿಡಬೇಡಿ ಎಂದರು. ಅಡುಗೆಮನೆಯೂ ಹೋದರೆ ಈ ಊರಿನಲ್ಲಿ ಅಮ್ಮನಿಗೆ ಉಳಿಯುವುದಾದರೂ ಏನು?

ಮರಳುವ ಲೋಕಲ್ ರೈಲಿನಲ್ಲಿ ಅವಳೇ ಬಾಯಿಬಿಟ್ಟಳು: "ಸೋಣ ಅಂತ ನಾನು ಹೇಳಿದ್ದನ್ನು ನೀನು ಡಾಕ್ಟ್ರಿಗೆ ಹೇಳ್ಲೇ ಇಲ್ಲ. ಇಷ್ಟು ಓದಿದವ, ತಿಂಗಳ ಹೆಸರು ಮರ್ತೆಯಾ? ಪರೀಕ್ಷೆ ನಿನಗೆ ಮಾಡ್ಬೇಕಿತ್ತು!"

ಐರೋಲಿಯಲ್ಲಿ ಇಳಿದವರು ಎದುರಿನ ಪ್ಲಾಟ್‌ಫಾರ್ಮಿನಿಂದ ಮತ್ತೆ ಠಾಣೆಯ ಗಾಡಿ ಹತ್ತಿದೆವು. ನನ್ನ ಸುಳ್ಳನ್ನು ಒಪ್ಪಿಕೊಂಡೆ. ಡಾಕ್ಟರು ಸೊನ್ನೆಯನ್ನು ಹೊಡೆದುಹಾಕಿ, ಪೆನ್ಸಿಲನ್ನೂ ಕಾಗದವನ್ನೂ ಬದಿಗಿಟ್ಟು, ನನ್ನ ಮೂಲಕ ಅಮ್ಮನೊಡನೆ ಹೂವಿನ ಮಾತು, ಅಡುಗೆಯ ಮಾತು ಆಡುತ್ತ ಮೊದಲಿನಿಂದ ನೋಡಿದರು. ಮರೆವು ಇದ್ದೇ ಇತ್ತು, ಅಲ್ಲಗಳೆಯುವುದಿಲ್ಲ. ಆದರೆ ಅದು ಅಡುಗೆಮನೆ ಕಸಿಯುವಷ್ಟಿರಲಿಲ್ಲ. ಒಲೆ ಉರಿಯುವಾಗ ಯಾರಾದರೂ ಜೊತೆಗಿದ್ದರೆ ಸಾಕು ಎಂದರು. ಮರೆತದ್ದಕ್ಕೂ ಕಲಿಯದೇ ಹೋದದ್ದಕ್ಕೂ ಒಂದೇ ಸೊನ್ನೆ ಹಾಕುವ ಕಾಗದ ಅದು. ಬಲ್ಲದ್ದಕ್ಕೂ ಸೊನ್ನೆ ಹಾಕಿಸಿದವನು ನಾನು.

ಆ ಪೆನ್ಸಿಲನ್ನು ಅಮ್ಮ ಕೇಳಿ ತಂದಳು. ಸೋಣ ಬಂತೆಂದರೆ ಹೊಸ್ತಿಲಿಗೆ ಹೂವಿಟ್ಟು, ಅದನ್ನು ಬೆತ್ತದಂತೆ ನನ್ನತ್ತ ಚಾಚಿ, "ಯಾವ ತಿಂಗಳು ಮಗಾ?" ಎಂದು ಮಾಸ್ತರರ ಹಾಗೆ ಕೇಳುತ್ತಾಳೆ. ಈಚೆಗೆ ತಮಾಷೆಗೆ ಕೇಳುತ್ತಾಳೋ, ನಿಜಕ್ಕೂ ಮರೆತು ಕೇಳುತ್ತಾಳೋ ನನಗೆ ತಿಳಿಯುತ್ತಿಲ್ಲ. ಎರಡಕ್ಕೂ ಒಂದೇ ಉತ್ತರ ಕೊಡುತ್ತೇನೆ, ಪಕ್ಕದ ಫ್ಲ್ಯಾಟಿಗೂ ಕೇಳಿಸುವಷ್ಟು ಗಟ್ಟಿಯಾಗಿ: "ಸೋಣ, ಅಮ್ಮಾ."